ಮಗಳಿಗೊಂದು ಪತ್ರ: ಪ್ರಾರ್ಥನಾ ಪತ್ರಗಳಲ್ಲಿ ಬರೆಯದೆ ಬಿಟ್ಟದ್ದು

ಪ್ರೀತಿಯ ಪುಟ್ಟಿ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸುಮ್ನೆ ನಕ್ಕುಬಿಟ್ಟೆ. ಪರದೇಶದಲ್ಲಿ ಮಿಷನರಿಯಾಗಿದ್ದಾಗ ನಾನು ಎರಡು ತಿಂಗಳಿಗೊಮ್ಮೆ ಬರೆದು ಊರಿನ ಕ್ರೈಸ್ತ ಸಭೆಗಳಿಗೆ ಕಳಿಸುತ್ತಿದ್ದ ಪ್ರಾರ್ಥನಾ ಪತ್ರಗಳ ಫೈಲು ನಿನ್ನ ಕೈಗೆ ಸಿಕ್ಕಿದೆ. ಎಲ್ಲವನ್ನೂ ಓದಿ ಮುಗಿಸಿ, "ಅಪ್ಪಾ, ಇದರಲ್ಲಿ ಯಾವಾಗಲೂ ನಗ್ತಾ ಇರೋ ಹುಡುಗಿ ಒಬ್ಬಳು ಬರ್ತಾಳಲ್ಲ, ಅವಳು ಯಾರು?" ಅಂದೆ.

ನಿನ್ನ ದನಿಯಲ್ಲಿ ಕೋಪ ಇರಲಿಲ್ಲ. ಅದಕ್ಕೇ ಜಾಸ್ತಿ ನಾಟಿತು.

ಆ ಪತ್ರಗಳಿಗೆ ಒಂದು ಅಚ್ಚು ಇತ್ತು. ಮೊದಲು ದೇವರಿಗೆ ಸ್ತೋತ್ರ. ಆಮೇಲೆ ಸೇವೆಯ ವರದಿ. ಆಮೇಲೆ ಒಂದು ಕಷ್ಟ, ಆದರೆ ಅದು ಪತ್ರ ಮುಗಿಯುವಷ್ಟರಲ್ಲಿ ಪರಿಹಾರ ಆಗಿರಬೇಕು. ಕೊನೆಗೆ ಕುಟುಂಬದ ಬಗ್ಗೆ ಎರಡು ಸಾಲು, ಪ್ರಾರ್ಥನಾ ವಿಷಯಗಳು. ಯಾರೂ ಹೀಗೇ ಬರೆಯಿರಿ ಅಂತ ಹೇಳಿರಲಿಲ್ಲ. ಆದರೆ ನಮ್ಮನ್ನು ಕಳಿಸಿದವರು ಕಾಣಿಕೆ ಡಬ್ಬಿಗೆ ಹಾಕಿದ ದುಡ್ಡಿನಲ್ಲಿ ನಾವು ಬದುಕುತ್ತಿದ್ದೆವು. ಅವರಿಗೆ "ನನಗೆ ಇವತ್ತು ಪ್ರಾರ್ಥನೆ ಮಾಡಲಿಕ್ಕೂ ಮನಸ್ಸಿಲ್ಲ" ಅಂತ ಬರೆಯೋದು ಹೇಗೆ? ಬರೆಯಲಿಲ್ಲ. ಆ ಎರಡು ಸಾಲಿನ ಕುಟುಂಬದಲ್ಲಿ ನೀನು ನಗುತ್ತಲೇ ಇದ್ದೆ.

ವರದಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಹೇಗೂ ಬಾಯಿ ಬಿಟ್ಟಿದ್ದೇನೆ. ಮೊದಲ ಮೂರು ವರ್ಷ ಒಬ್ಬರೂ ಕ್ರೈಸ್ತರಾಗಲಿಲ್ಲ, ಒಬ್ಬರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಕಚೇರಿಗೆ ಕಳಿಸುವ ಫಾರಂನಲ್ಲಿ ಅದಕ್ಕೊಂದು ಕಾಲಂ ಇತ್ತು. ಅಲ್ಲಿ ಸೊನ್ನೆ ಬರೆದೂ ಬರೆದೂ ಬೇಸತ್ತು, ಪಕ್ಕದ ಕಾಲಂನಲ್ಲಿ "ಆಸಕ್ತಿ ತೋರಿಸುತ್ತಿರುವವರು: 12" ಅಂತ ಹಾಕಿದೆ. ಆ ಹನ್ನೆರಡು ಜನರಲ್ಲಿ ಐದು ಜನ ಅಮ್ಮನ ಹತ್ತಿರ ಔಷಧಿಗೆ ಬರುತ್ತಿದ್ದವರು. ಇಬ್ಬರು ಮಳೆ ನಿಲ್ಲುವವರೆಗೆ ನಮ್ಮ ಜಗಲಿಯಲ್ಲಿ ಕೂತಿದ್ದವರು. ಸುಳ್ಳಲ್ಲ, ನಿಜ. ಆದರೆ ನಿಜವೂ ಅಲ್ಲ, ಅಲ್ವಾ?

ಆಗೆಲ್ಲ ನಾನು ಸಮಾಧಾನಕ್ಕೆ ಹಳೆಯ ಮಿಷನರಿಗಳನ್ನು ನೆನೆಯುತ್ತಿದ್ದೆ. ಅಡೋನಿರಾಮ್ ಜಡ್ಸನ್ 1813ರಲ್ಲಿ ಬರ್ಮಾಕ್ಕೆ ಹೋದವರು, ಮೊದಲ ದೀಕ್ಷಾಸ್ನಾನ ಕೊಟ್ಟದ್ದು 1819ರಲ್ಲಿ. ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದರು. ಅವರ ಮೊದಲ ಶಿಷ್ಯ ಕೃಷ್ಣ ಪಾಲ್‌ಗೆ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಆಗಲು 1800ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಅವರಿಗೇ ಆರೇಳು ವರ್ಷ ಹಿಡಿದಿದೆ, ನನಗೇನು ಅವಸರ ಅಂತ ಹೇಳಿಕೊಳ್ಳುತ್ತಿದ್ದೆ. ಅದೇ ಜೀವನಚರಿತ್ರೆಗಳನ್ನು ಈಗ ಓದಿದರೆ ಕಣ್ಣು ಬೇರೆ ಕಡೆ ಹೋಗುತ್ತದೆ. ಕೇರಿಯವರ ಹೆಂಡತಿ ಡೊರೊತಿಗೆ ಬರಲು ಇಷ್ಟವೇ ಇರಲಿಲ್ಲ. ಕೈಯಲ್ಲಿ ಹಸುಗೂಸು. ಬರುವುದಿಲ್ಲ ಅಂದಿದ್ದ ಆಕೆ ಕೊನೇ ಗಳಿಗೆಯಲ್ಲಿ, ತಂಗಿಯನ್ನೂ ಜೊತೆಗೆ ಕರೆದುಕೊಂಡು, ಹಡಗು ಹತ್ತಿದರು. ಮರುವರ್ಷ ಐದು ವರ್ಷದ ಮಗ ಪೀಟರ್ ತೀರಿಹೋದ. ಆಮೇಲೆ ಆಕೆಯ ಬುದ್ಧಿ ಸ್ಥಿಮಿತಕ್ಕೆ ಬರಲೇ ಇಲ್ಲ. 1807ರಲ್ಲಿ ಆಕೆ ತೀರಿಕೊಳ್ಳುವವರೆಗೂ ಮನೆಯಲ್ಲಿ ಆ ಸಂಕಟ ನಡೆದೇ ಇತ್ತು. ಕೇರಿಯವರ ಅನುವಾದದ ಕೆಲಸವೂ ನಡೆದೇ ಇತ್ತು. ಬೈಬಲ್ ಕಾಲೇಜಿನಲ್ಲಿ ನಾನು ಓದುವಾಗ ಡೊರೊತಿಯನ್ನು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೆ. ಪೀಟರ್‌ನ ಹೆಸರಂತೂ ನೆನಪೇ ಇರಲಿಲ್ಲ.

ದೇವರ ಕರೆ ಬಂದದ್ದು ನನಗೆ, ಪುಟ್ಟಿ. ಅಮ್ಮನಿಗೂ ಬಂದಿತ್ತು ಅಂತ ಅವಳು ಹೇಳುತ್ತಾಳೆ, ನಾನು ನಂಬುತ್ತೇನೆ. ನಿನಗೆ ಯಾರು ಕೇಳಿದರು? ಆಗ ನಿನಗೆ ನಾಲ್ಕು ವರ್ಷ. ವಿಮಾನದಲ್ಲಿ ಕಿಟಕಿ ಪಕ್ಕ ಕೂರಿಸುತ್ತೇನೆ ಅಂತ ಹೇಳಿ ಕರೆದುಕೊಂಡು ಹೋದೆ.

ಭಾಷೆ ಮೊದಲು ಹಿಡಿದವಳು ನೀನು. ನಾನೂ ಅಮ್ಮನೂ ಎರಡು ವರ್ಷ ದಿನಾ ಬೆಳಗ್ಗೆ ಮೇಷ್ಟರ ಮುಂದೆ ಕೂತು ಕ್ರಿಯಾಪದ ಉರು ಹೊಡೆದೆವು. ನೀನು ಪಕ್ಕದ ಮನೆಯ ಅಂಗಳದಲ್ಲಿ ಕುಂಟುತ್ತಾ ಓಡುತ್ತಾ ಆರು ತಿಂಗಳಲ್ಲಿ ಕಲಿತುಬಿಟ್ಟೆ. ನನ್ನ ಮೊದಲ ಪ್ರಸಂಗ ನೆನಪಿದೆಯಾ? "ಕರ್ತನು ನಿಮ್ಮನ್ನು ಕರೆಯುತ್ತಾನೆ" ಅನ್ನಲು ಹೋಗಿ "ಕರ್ತನು ನಿಮ್ಮನ್ನು ಕಚ್ಚುತ್ತಾನೆ" ಅಂದಿದ್ದೆ. ಅದೂ ಒಂದು ಸಲ ಅಲ್ಲ, ಒತ್ತಿ ಒತ್ತಿ ಮೂರು ಸಲ. ಯಾರೂ ನಗಲಿಲ್ಲ, ಅಷ್ಟು ಮರ್ಯಾದಸ್ಥರು. ಮುಂದಿನ ಬೆಂಚಿನಲ್ಲಿದ್ದ ನೀನು ಎದ್ದು ನಿಂತು ತಿದ್ದಿದೆ. ಆಗ ಇಡೀ ಸಭೆ ನಕ್ಕಿತು. ಇದು ಪತ್ರದಲ್ಲಿದೆ, ನೀನು ಓದಿರುತ್ತೀಯ.

ಪತ್ರದಲ್ಲಿ ಇಲ್ಲದ್ದು ಇದು. ರಾತ್ರಿ ನಿದ್ದೆಯಲ್ಲಿ ನೀನು ಆ ಭಾಷೆಯಲ್ಲಿ ಬಡಬಡಿಸುತ್ತಿದ್ದೆ. ನಾವಿಬ್ಬರೂ ನಿನ್ನ ಹಾಸಿಗೆ ಪಕ್ಕ ಕೂತು ಕಿವಿಗೊಟ್ಟು ಕೇಳುತ್ತಿದ್ದೆವು. ಒಂದೆರಡು ಮಾತು ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ಹೆತ್ತ ಮಗಳ ಕನಸು ನಮಗೆ ಅರ್ಥವಾಗುತ್ತಿರಲಿಲ್ಲ.

ಭಾಷೆ ಅಂದಾಗ ನಮ್ಮವರಿಗೆಲ್ಲ ಕಿಟ್ಟೆಲ್ ನೆನಪಾಗುತ್ತಾರೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದವರು, 1894ರಲ್ಲಿ ಕನ್ನಡದ ದೊಡ್ಡ ನಿಘಂಟು ಕೊಟ್ಟವರು. ನಾನೂ ಹೋಗುವಾಗ ಅಂಥದ್ದೇನೋ ಮಾಡುವ ಕನಸು ಕಟ್ಟಿಕೊಂಡಿದ್ದೆ, ನಗಬೇಡ. ಆದರೆ ಅದೇ ಬಾಸೆಲ್ ಮಿಷನ್ನಿನ ಇನ್ನೊಂದು ಕತೆ ನನಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ. ತಲಶ್ಶೇರಿಯಲ್ಲಿದ್ದು ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಅವರಿಗೆ 1842ರಲ್ಲಿ ಅಲ್ಲೇ ಒಬ್ಬ ಮಗಳು ಹುಟ್ಟಿದಳು, ಮರಿ ಅಂತ. ಚಿಕ್ಕ ಮಗುವಾಗಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಅಪ್ಪ ಅಮ್ಮ ಕೆಲಸಕ್ಕೆ ಮರಳಿದರು. ಅವಳು ಮತ್ತೆ ಅವರ ಬಳಿ ಬರುವ ಹೊತ್ತಿಗೆ ಹದಿಹರೆಯದ ಹುಡುಗಿ. ಲೇಖಕ ಹರ್ಮನ್ ಹೆಸ್ಸೆಯ ತಾಯಿ ಆಕೆಯೇ. ಆ ಕಾಲದಲ್ಲಿ ಮಿಷನರಿಗಳ ಮಕ್ಕಳನ್ನು ಹೀಗೆ ದೂರ ಕಳಿಸುವುದು ರೂಢಿ. ಕಾಯಿಲೆಯ ಭಯ, ಓದಿನ ಚಿಂತೆ, ಎಲ್ಲ ಕಾರಣಗಳೂ ಇದ್ದವು. ನಮಗೂ ಕಾರಣಗಳಿದ್ದವು.

ನಿನಗೆ ಏಳು ತುಂಬಿದ ವರ್ಷ ಬೋರ್ಡಿಂಗ್ ಶಾಲೆಗೆ ಸೇರಿಸಿದೆವು. ನಾವಿದ್ದಲ್ಲಿಂದ ಒಂದೂವರೆ ದಿನದ ದಾರಿ. ಪ್ರತಿ ಬಟ್ಟೆಯ ಮೇಲೂ ಹೆಸರು, ನಂಬರು ಹೊಲಿದಿರಬೇಕು ಅಂತ ಶಾಲೆಯ ಕಾಗದ ಬಂತು. ನಿನ್ನ ನಂಬರು 34. ಅಮ್ಮ ಮೂರು ರಾತ್ರಿ ಲಾಟೀನಿನ ಮುಂದೆ ಕೂತು ಕೆಂಪು ದಾರದಲ್ಲಿ ಹೊಲಿದಳು. ಲಂಗ, ಸ್ವೆಟರು, ಟವೆಲು, ಕರವಸ್ತ್ರ, ಕಾಲುಚೀಲ ಒಂದೊಂದಕ್ಕೂ. ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವನು ನಾನು. ಇಬ್ಬರೂ ಮಾತಾಡಲಿಲ್ಲ. ಕೊನೇ ಕಾಲುಚೀಲಕ್ಕೆ ಬಂದಾಗ ಅಮ್ಮ ಅದನ್ನು ತನ್ನ ಕೈಗೆ ಹಾಕಿಕೊಂಡು ನೋಡಿದಳು. ಅವಳ ಕೈಗಿಂತ ಅಷ್ಟೇನೂ ದೊಡ್ಡದಿರಲಿಲ್ಲ. "ಇಷ್ಟು ಸಣ್ಣ ಕಾಲಿನವಳನ್ನ ಕಳಿಸ್ತಿದೀವಲ್ರೀ" ಅಂದಳು. ನಾನು ಒಂದು ವಾಕ್ಯ ಹೇಳಿದೆ. ಸತ್ಯವೇದದ್ದೇ, ಯಾವುದು ಅಂತ ಈಗ ಹೇಳಲು ನಾಚಿಕೆ.

ಆ ತಿಂಗಳ ಪತ್ರದಲ್ಲಿ ಏನಿದೆ ನೋಡು: "ನಮ್ಮ ಮಗಳು ಸಂತೋಷದಿಂದ ಶಾಲೆಗೆ ಸೇರಿದಳು. ಕರ್ತನಿಗೆ ಸ್ತೋತ್ರ."

ಮೊದಲ ರಜೆಗೆ ನೀನು ಬಂದೆ. ಊಟ ಆದ ಮೇಲೆ ತಟ್ಟೆ ಮುಂದೆ ಕೈ ಕಟ್ಟಿ ಕೂತಿದ್ದೆ. ಅಮ್ಮ ಏನಾಯ್ತು ಅಂತ ಕೇಳಿದರೆ, "ನಾನು ಏಳಬಹುದಾ?" ಅಂದೆ. ನಮ್ಮ ಮನೆಯಲ್ಲಿ ಊಟದಿಂದ ಏಳಲು ಯಾರೂ ಯಾರನ್ನೂ ಕೇಳಿದ್ದಿಲ್ಲ. ಪಕ್ಕದ ಮನೆಯ ನಿನ್ನ ಗೆಳತಿ ಓಡಿ ಬಂದಳು. ಅವಳ ಮಾತಿಗೆ ನೀನು ತಡವರಿಸಿದೆ. ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವ ಹಾಗಿರಲಿಲ್ಲ. ನೀನು ಮಾತಿಗಾಗಿ ಹುಡುಕಿದೆ, ಸಿಗಲಿಲ್ಲ, ನನ್ನ ಕಡೆ ತಿರುಗಿ "ಅಪ್ಪಾ, ಅವಳು ಏನಂದಳು?" ಅಂತ ಕೇಳಿದೆ. ಅಷ್ಟು ಹೊತ್ತಿಗೆ ನನಗೆ ಭಾಷೆ ಬಂದಿತ್ತು. ನಾನು ಅನುವಾದ ಮಾಡಿ ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಸಲೀಸಾಗಿ ಮಾಡಿದ, ಅಷ್ಟು ಬೇಡದ ಅನುವಾದ ಇನ್ನೊಂದಿಲ್ಲ.

ಇದನ್ನೆಲ್ಲ ಓದಿ, ಅಪ್ಪನಿಗೆ ನಂಬಿಕೆ ಹೋಯಿತು ಅಂದುಕೊಳ್ಳಬೇಡ. ಹೋಗಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಪ್ರಾರ್ಥನೆಗೆ ಕೂರುತ್ತೇನೆ, ಈಗ ಮೊಣಕಾಲು ಊರಲು ಆಗುವುದಿಲ್ಲ, ಕುರ್ಚಿಯಲ್ಲಿ. ಅಲ್ಲಿಗೆ ಹೋದದ್ದು ತಪ್ಪು ಅಂತಲೂ ಹೇಳಲಾರೆ. ಆದರೆ ಏನು ಕೊಟ್ಟೆ, ಏನು ಪಡೆದೆ ಅನ್ನೋ ಲೆಕ್ಕ ಮಾತ್ರ ಪತ್ರಗಳಲ್ಲಿ ತಿರುವುಮುರುವಾಗಿದೆ. ಕೊಡುವವನು ನಾನು ಅಂದುಕೊಂಡು ಹೋಗಿದ್ದೆ. ಔಷಧಿ ಬೀರುವಿನ ಕೀಲಿ ನಮ್ಮ ಹತ್ತಿರ ಇತ್ತು. ಕೀಲಿ ಇರುವವನ ಮಾತಿಗೆ ಜನ ತಲೆ ಆಡಿಸುತ್ತಾರೆ. ಅದನ್ನು ನಾನು ಎಷ್ಟೋ ಕಾಲ ಆತ್ಮಿಕ ಹಸಿವು ಅಂತ ತಿಳಿದಿದ್ದೆ.

1910ರಲ್ಲಿ ಎಡಿನ್‌ಬರೋದಲ್ಲಿ ಮಿಷನರಿಗಳ ದೊಡ್ಡ ಸಮ್ಮೇಳನ ನಡೆಯಿತು. ಬಂದವರಲ್ಲಿ ಬಹುಪಾಲು ಬಿಳಿಯರೇ. ಅಲ್ಲಿ ನಮ್ಮವರೇ ಆದ ವಿ.ಎಸ್. ಅಜರಾಯ ಎದ್ದು ನಿಂತು ಮಾತಾಡಿದರು. ನೀವು ಬಡವರಿಗೆ ಆಸ್ತಿ ಹಂಚಿದ್ದೀರಿ, ದೇಹವನ್ನೂ ಸುಡಲು ಒಪ್ಪಿಸಿದ್ದೀರಿ, ಆದರೆ ನಮಗೆ ಪ್ರೀತಿಯೂ ಬೇಕು, ಸ್ನೇಹಿತರನ್ನು ಕೊಡಿ ಅಂದರು. ಎರಡು ವರ್ಷಕ್ಕೆ ಅವರು ದೋರ್ನಕಲ್‌ನ ಬಿಷಪ್ ಆದರು. ಕಾಲೇಜಿನಲ್ಲಿ ಈ ಭಾಷಣ ಓದಿ ನಾವೆಲ್ಲ ಚಪ್ಪಾಳೆ ಹೊಡೆದಿದ್ದೆವು. ಬಿಳಿಯರಿಗೆ ಚೆನ್ನಾಗಿ ಕೊಟ್ಟರು ಅಂತ. ಅದು ನನಗೂ ಹೇಳಿದ ಮಾತು ಅಂತ ಹೊಳೆದದ್ದು ಬೇರೆ ದೇಶದಲ್ಲಿ ನಾನೇ ಹೊರಗಿನವನಾಗಿ, ಕೀಲಿ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವಾಗ.

ನಿನ್ನನ್ನು ಶಾಲೆಗೆ ಬಿಟ್ಟು ಬಂದ ವಾರ ಅಮ್ಮನಿಗೆ ಜ್ವರ ಬಂತು. ಔಷಧಿ ಬೀರುವಿನಲ್ಲಿದ್ದ ಯಾವುದೂ ಹತ್ತಲಿಲ್ಲ. ನಿನ್ನ ಗೆಳತಿಯ ಅಜ್ಜಿ ಬಂದರು. ಪ್ರತಿ ಭಾನುವಾರ ನಾನು ಕರೆದರೂ ಒಂದು ದಿನವೂ ಆರಾಧನೆಗೆ ಬಾರದವರು. ಅಮ್ಮನ ಕಾಲ ಬಳಿ ಕೂತರು. ಏನೂ ಹೇಳಲಿಲ್ಲ, ಏನೂ ಕೊಡಲಿಲ್ಲ. ನಿನ್ನ ಹಳೇ ಚಪ್ಪಲಿ ಬಾಗಿಲ ಹತ್ತಿರ ಬಿದ್ದಿತ್ತು. ಅದನ್ನು ಎತ್ತಿ, ಮಣ್ಣು ಒರೆಸಿ, ಜೋಡಿಯಾಗಿ ಗೋಡೆಗೆ ಒರಗಿಸಿ ಇಟ್ಟರು. ಆಗ ಅಮ್ಮ ಅತ್ತಳು, ಅಲ್ಲಿಯವರೆಗೂ ಅತ್ತಿರಲಿಲ್ಲ. ಇದನ್ನು ಯಾವ ಕಾಲಂನಲ್ಲಿ ಬರೆಯಲಿ? ಫಾರಂನಲ್ಲಿ ಆ ಅಜ್ಜಿ "ಆಸಕ್ತಿ ಇಲ್ಲದವರು".

ಮಗ ಇಸಾಕನನ್ನು ಬಲಿಕೊಡು ಅಂತ ದೇವರು ಅಬ್ರಹಾಮನಿಗೆ ಹೇಳುವ, ಬೈಬಲಿನ ಆದಿಕಾಂಡದ 22ನೇ ಅಧ್ಯಾಯದ ಮೇಲೆ ನಾನು ಎಷ್ಟು ಸಲ ಪ್ರಸಂಗ ಮಾಡಿದ್ದೇನೋ ಲೆಕ್ಕ ಇಲ್ಲ. ಎಲ್ಲವೂ ಅಬ್ರಹಾಮನ ಕಡೆಯಿಂದ. ಅವನ ವಿಧೇಯತೆ, ಅವನ ನಂಬಿಕೆ. ಈಚೆಗೆ ಇಸಾಕನ ಕಡೆಯಿಂದ ಓದಿದೆ. ಬೆಂಕಿ ಇದೆ, ಕಟ್ಟಿಗೆ ಇದೆ, ಕುರಿಮರಿ ಎಲ್ಲಿ ಅಂತ ಹುಡುಗ ಕೇಳುತ್ತಾನೆ. ಬೆಟ್ಟಕ್ಕೆ ಹೋಗುವಾಗ ಇಬ್ಬರೂ ಜೊತೆಯಾಗಿ ಹೋದರು ಅಂತ ಎರಡು ಸಲ ಬರೆದಿದೆ. ಇಳಿಯುವಾಗ ಅಬ್ರಹಾಮನ ಹೆಸರು ಮಾತ್ರ ಇದೆ. ಕುರಿ ಸಿಕ್ಕಿತು, ಹುಡುಗ ಉಳಿದ, ಸರಿ. ಮರಳುವ ದಾರಿಯಲ್ಲಿ ಅಪ್ಪ ಮಗ ಏನು ಮಾತಾಡಿಕೊಂಡರು? ಇಷ್ಟು ವರ್ಷ ಆ ಪ್ರಶ್ನೆ ನನಗೆ ಬರಲೇ ಇಲ್ಲ ನೋಡು.

ಆ ಫೈಲನ್ನು ಬಿಸಾಡಬೇಡ. ಮುಂದಿನ ಸಲ ಬರುವಾಗ ತಗೊಂಡು ಬಾ. ಪೆನ್ಸಿಲ್ ಚೂಪು ಮಾಡಿ ಇಟ್ಟಿದ್ದೇನೆ. ಒಂದೊಂದು ಪತ್ರದ ಅಂಚಿನಲ್ಲೂ ಬಿಟ್ಟದ್ದನ್ನು ಬರೆಯುತ್ತೇನೆ. ನನಗೆ ಗೊತ್ತಿದ್ದಷ್ಟು. ಶಾಲೆಗೆ ಸೇರಿಸಿದ ತಿಂಗಳ ಪತ್ರದ ಕೆಳಗೆ ಅರ್ಧ ಪುಟ ಖಾಲಿ ಇದೆ ಅಂತ ನೆನಪು. ಆ ಮೊದಲ ರಾತ್ರಿ ಹಾಸ್ಟೆಲಿನಲ್ಲಿ ಏನಾಯಿತು ಅಂತ ನಾನು ಇವತ್ತಿನವರೆಗೂ ನಿನ್ನನ್ನು ಕೇಳಿಲ್ಲ. ಆ ಜಾಗ ನಾನು ಮುಟ್ಟುವುದಿಲ್ಲ. ನಿನಗೆ ಬರೆಯಬೇಕು ಅನಿಸಿದರೆ ಬರೆ, ಇಲ್ಲದಿದ್ದರೆ ಖಾಲಿ ಇರಲಿ.

ನಿನ್ನ
ಅಪ್ಪ

ಮರೆತಿದ್ದೆ: ಅಮ್ಮ ಇದನ್ನು ಓದಿದಳು. ನಿನ್ನ ನಂಬರು 34 ಅಲ್ಲ, 43 ಅಂತೆ. ಹೊಲಿದವಳು ಅವಳು.