ಕೋರ್ಟಿನ ವರಾಂಡದಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನೋಡಿ ಖುಷಿ ಆಯ್ತು, ಸ್ವಲ್ಪ ದಿಗಿಲೂ ಆಯ್ತು. ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆಯ ಕೇಸುಗಳಲ್ಲಿ ಮಕ್ಕಳ ಜೊತೆ ನಿಲ್ಲುವ ಬೆಂಬಲ ವ್ಯಕ್ತಿಗಳ ಮೇಲ್ವಿಚಾರಣೆ ಇನ್ನು ನಿನ್ನ ಹೆಗಲಿಗೆ. "ವರದಿಗೆ ಸಹಿ ಹಾಕೋದು ಬಿಟ್ಟು ಇನ್ನೇನು ಕೆಲಸ ಇರುತ್ತೆ ಮಾರಾಯ?" ಅಂತ ಕೇಳಿದ್ದೀಯ. ಉತ್ತರ ಉದ್ದ ಇದೆ. ಈ ಕೆಲಸಕ್ಕೆ ಬರುವ ಬೇರೆಯವರಿಗೂ ಆಗಲಿ ಅಂತ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಹಾಗಾಗಿ ಯಾವ ಮಗುವಿನ ಊರು, ಶಾಲೆ, ಕೇಸಿನ ವಿವರವೂ ಇದರಲ್ಲಿ ಇರುವುದಿಲ್ಲ.

ನಿನ್ನ ಕೈಕೆಳಗೆ ಬರುವವರು ಬಹುಪಾಲು ಒಳ್ಳೆಯ ಮನಸ್ಸಿನ ಹುಡುಗಿಯರು. ಸಮಾಜಕಾರ್ಯ ಓದಿದವರು, ಊರೂರು ಸುತ್ತಿದವರು. ಮಕ್ಕಳು ಅವರನ್ನು ಅಕ್ಕ ಅಂತಾರೆ. ನಿನಗೆ ಹೆಚ್ಚು ತಲೆನೋವು ಬರುವುದು ಈ ಒಳ್ಳೆಯ ಮನಸ್ಸಿನಿಂದಲೇ. ಸಾಕ್ಷಿ ಹೇಳುವ ಮುನ್ನಾ ದಿನ ಮಗು ಹೆದರಿ ಮುದುಡಿ ಕೂತಿರುತ್ತೆ. ಅಕ್ಕನ ಬಾಯಿಗೆ "ಹೀಗೆ ಕೇಳಿದರೆ ಹೀಗೆ ಹೇಳು ಪುಟ್ಟಾ" ಅನ್ನೋ ಮಾತು ಬಂದೇ ಬರುತ್ತೆ. ಪರೀಕ್ಷೆಗೆ ಓದಿಸಿದ ಹಾಗೆ. ಅಲ್ಲಿಗೆ ಕೇಸು ಅರ್ಧ ಹಾಳಾಯ್ತು ಅಂತ ತಿಳಿ. ಪಾಟೀಸವಾಲಿನಲ್ಲಿ ಎದುರು ವಕೀಲರು ತಪ್ಪದೆ ಕೇಳಿಸುವ ಪ್ರಶ್ನೆ ಒಂದಿದೆ: ಇದನ್ನೆಲ್ಲ ನಿನಗೆ ಹೇಳಿಕೊಟ್ಟವರು ಯಾರು? ಮಕ್ಕಳು ಸುಳ್ಳು ಹೇಳಲ್ಲ. ಅಕ್ಕ ಹೇಳಿಕೊಟ್ರು ಅಂತ ನಿಜವನ್ನೇ ಹೇಳಿಬಿಡುತ್ತವೆ.

ಹಾಗಾದರೆ ಅಕ್ಕ ಏನು ಮಾತಾಡಬಹುದು? ಬೇಕಾದಷ್ಟಿದೆ. ನ್ಯಾಯಾಧೀಶರ ಅನುಮತಿ ಪಡೆದು, ಕೋರ್ಟು ಖಾಲಿ ಇರುವಾಗ ಮಗುವನ್ನು ಒಳಗೆ ಕರೆದುಕೊಂಡು ಹೋಗಿ ಯಾರು ಎಲ್ಲಿ ಕೂರುತ್ತಾರೆ ಅಂತ ತೋರಿಸಬಹುದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಮರೆತಿದ್ದರೆ ಮರೆತಿದೆ ಅನ್ನು, ಪ್ರಶ್ನೆ ಅರ್ಥ ಆಗದಿದ್ದರೆ ಇನ್ನೊಂದ್ಸಲ ಕೇಳಿ ಅನ್ನು ಅಂತ ಧೈರ್ಯವಾಗಿ ಹೇಳಬಹುದು. ಉಚ್ಚೆಗೆ ಹೋಗಬೇಕು, ನೀರು ಬೇಕು ಅಂದರೆ ಯಾರೂ ಬೈಯಲ್ಲ ಅಂತಲೂ ಹೇಳಬಹುದು. ಪದೇಪದೇ ಬಿಡುವು ಕೊಡಬೇಕು ಅಂತ ಕಾಯ್ದೆಯ 33ನೇ ಸೆಕ್ಷನ್ನಿನಲ್ಲೇ ಇದೆ. ಅದೇ ಸೆಕ್ಷನ್ ಪ್ರಕಾರ ವಕೀಲರು ಮಗುವಿಗೆ ನೇರವಾಗಿ ಪ್ರಶ್ನೆ ಹಾಕುವಂತಿಲ್ಲ. ನ್ಯಾಯಾಧೀಶರಿಗೆ ಕೊಡಬೇಕು, ಅವರು ಕೇಳಬೇಕು. ಇದನ್ನು ಮಗುವಿಗೆ ಮೊದಲೇ ಹೇಳಿದರೆ ಎಷ್ಟು ಸಮಾಧಾನ ಆಗುತ್ತೆ ಗೊತ್ತಾ! ಆದರೆ ಘಟನೆ ಬಗ್ಗೆ ಒಂದಕ್ಷರ ಬೇಡ. ಹೇಳಿಕೆ ನೆನಪಿಸುವುದಿದ್ದರೆ ಅದು ಸರ್ಕಾರಿ ವಕೀಲರ ಕೆಲಸ.

ನೋಟ್‌ಬುಕ್ಕಿನ ವಿಷಯದಲ್ಲೂ ಇದೇ ಕಟ್ಟುನಿಟ್ಟು ಇಟ್ಟುಕೋ. ಹೊಸಬರು ಮಗು ಅಂದದ್ದನ್ನೆಲ್ಲ ಬರೆದಿಡುತ್ತಾರೆ. ಕೋರ್ಟು ಆ ಪುಸ್ತಕ ತರಿಸಿಕೊಳ್ಳಬಹುದು. ಪೊಲೀಸರ ಮುಂದಿನ ಹೇಳಿಕೆಗೂ ಇದಕ್ಕೂ ಒಂದು ಪದ ಹೆಚ್ಚುಕಡಿಮೆ ಆದರೂ ಎದುರು ಕಡೆಯವರಿಗೆ ಹಬ್ಬ. ಭೇಟಿಯ ದಿನಾಂಕ, ಮಗುವಿನ ಆರೋಗ್ಯ, ಶಾಲೆ, ಮನೆಯವರಿಗೆ ತಿಳಿಸಿದ ವಿಷಯ, ಮುಂದಿನ ವಾಯಿದೆ. ಇಷ್ಟು ಸಾಕು.

ಇನ್ನು ಹೆಚ್ಚು ಬರೆಯಬೇಕಾಗಿರುವುದು ವರಾಂಡದ ಬಗ್ಗೆ. ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು ಅಂತ 36ನೇ ಸೆಕ್ಷನ್ ಹೇಳುತ್ತೆ. ಪರದೆ, ಒಂದೇ ಕಡೆಯಿಂದ ಕಾಣುವ ಗಾಜು, ವಿಡಿಯೋ, ಎಲ್ಲಕ್ಕೂ ಅವಕಾಶ ಇದೆ. ಮಕ್ಕಳಂಥ ದುರ್ಬಲ ಸಾಕ್ಷಿಗಳಿಗೆ ಸಾಕ್ಷ್ಯ ಹೇಳಲು ಬೇರೆಯೇ ಕೇಂದ್ರ ಮಾಡಿ ಅಂತ ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ ದೇಶಕ್ಕೆಲ್ಲ ಹೇಳಿತು. ಕೇಂದ್ರ ಚೆನ್ನಾಗಿದ್ದರೆ ಗೋಡೆ ಮೇಲೆ ಚಿತ್ರ, ಗೊಂಬೆ, ಎಲ್ಲ ಇರುತ್ತೆ. ಆದರೆ ಮಗು ಅಲ್ಲಿಗೆ ತಲುಪುವುದು ಹೇಗೆ? ಅದೇ ಗೇಟು, ಅದೇ ಮೆಟ್ಟಿಲು, ಅದೇ ಚಹಾ ಅಂಗಡಿ. ಆರೋಪಿಯ ಅಮ್ಮ, ಚಿಕ್ಕಪ್ಪ, ಊರಿನ ನಾಲ್ಕು ಜನ ಅಲ್ಲೇ ನಿಂತಿರುತ್ತಾರೆ. ಇಂಥ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಆರೋಪಿಗಳು ಪರಿಚಯದವರೇ ಅಂತ ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿಯ ವರದಿಗಳು ಹೇಳುತ್ತಲೇ ಬಂದಿವೆ. ಅಂದಮೇಲೆ ವರಾಂಡದಲ್ಲಿ ಸಿಗುವವರು ಅಪರಿಚಿತರಲ್ಲ, ಮಗು ಅತ್ತೆ, ಮಾವ ಅಂತ ಕರೆದವರು. ಅವರು ಹೆದರಿಸುವುದೂ ಇಲ್ಲ. "ಆಗಿದ್ದು ಆಗಿಹೋಯ್ತು, ನಿನ್ನ ಮಗಳ ಮದುವೆ ಬಗ್ಗೆ ಯೋಚನೆ ಮಾಡಮ್ಮ" ಅಂತ ತಣ್ಣಗೆ ಹೇಳುತ್ತಾರೆ. ಸಾಕ್ಷಿಗಳು ತಿರುಗಿಬೀಳುವುದು ಕಟಕಟೆಯಲ್ಲಿ ಅಂತ ಜನ ಅಂದುಕೊಂಡಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಹೊರಗಿನ ಬೆಂಚಿನ ಮೇಲೆ ಯಾವತ್ತೋ ಆಗಿಹೋಗಿರುತ್ತೆ.

ಆದ್ದರಿಂದ ನೀನು ಸೇರಿದ ಮೊದಲ ವಾರ ಕಾನೂನು ಪುಸ್ತಕ ಓದುತ್ತಾ ಕೂರಬೇಡ. ಕೋರ್ಟಿಗೆ ಹೋಗಿ ಹಿಂಬಾಗಿಲು ಎಲ್ಲಿದೆ, ಕಾಯಲು ಯಾವ ಕೋಣೆ ಸಿಗುತ್ತೆ ಅಂತ ನೋಡು. ಬೆಂಚ್ ಕ್ಲರ್ಕ್ ಮತ್ತು ಕೋರ್ಟ್ ಡ್ಯೂಟಿ ಪೊಲೀಸಿನವರ ಪರಿಚಯ ಮಾಡಿಕೋ. ವಾಯಿದೆಯ ಹಿಂದಿನ ಸಂಜೆ ಅವರಿಗೊಂದು ಫೋನು: ಜಡ್ಜ್ ಸಾಹೇಬರು ನಾಳೆ ರಜೆಯಾ? ವಕೀಲರು ಕಲಾಪದಿಂದ ದೂರ ಉಳಿಯುತ್ತಾರಾ? ಇಷ್ಟು ವಿಚಾರಿಸಿದರೆ ಎಷ್ಟೋ ಸುಮ್ಸುಮ್ನೆ ಓಡಾಟ ತಪ್ಪುತ್ತೆ. ಕೋರ್ಟು ಕೇಸನ್ನು ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ಆಗಬೇಕು, ಸಾಧ್ಯವಾದಷ್ಟೂ 1 ವರ್ಷದಲ್ಲಿ ವಿಚಾರಣೆ ಮುಗಿಯಬೇಕು ಅಂತ ಕಾಯ್ದೆಯಲ್ಲಿದೆ. ವಾಯಿದೆ ಮೇಲೆ ವಾಯಿದೆ ಬೀಳುವುದನ್ನು ನೀನೇ ನೋಡ್ತೀಯ. ಒಂದೊಂದು ವಾಯಿದೆಗೂ ಅಪ್ಪನ ಒಂದು ದಿನದ ಕೂಲಿ ಹೋಗುತ್ತೆ. 2023ರಲ್ಲಿ ಶಕ್ತಿ ಯೋಜನೆ ಬಂದಮೇಲೆ ತಾಯಿ, ಮಗಳಿಗೆ ಸರ್ಕಾರಿ ಬಸ್ಸು ಫ್ರೀ ಆಯ್ತು. ಸಂತ್ರಸ್ತರಿಗಾಗಿ ಮಾಡಿದ ಯೋಜನೆ ಅದಲ್ಲ, ಆದರೆ ನಮ್ಮ ಕೇಸುಗಳಿಗೆ ಅದರಷ್ಟು ನೆರವಾದದ್ದು ಕಡಿಮೆ.

ದುಡ್ಡಿನ ಮಾತು ಬಂತು. ಪರಿಹಾರ ಅಂದರೆ ತೀರ್ಪು ಬಂದಮೇಲೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಕೆಲವು ವಕೀಲರೂ ಸಹ. 2020ರ ಪೋಕ್ಸೋ ನಿಯಮಗಳಲ್ಲಿ ಹಾಗಿಲ್ಲ. ಎಫ್‌ಐಆರ್ ಆದಮೇಲೆ ಯಾವ ಹಂತದಲ್ಲಾದರೂ ಮಧ್ಯಂತರ ಪರಿಹಾರ ಕೇಳಬಹುದು. ಆದೇಶ ಕೈಸೇರಿದ 30 ದಿನದೊಳಗೆ ಸರ್ಕಾರ ಕೊಡಬೇಕು. ಆರೋಪಿ ಖುಲಾಸೆಯಾದರೂ ಪರಿಹಾರ ಕೊಡಬಹುದು. ಊಟ, ಬಟ್ಟೆ, ಓಡಾಟದಂಥ ತುರ್ತು ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದರೆ ಒಂದು ವಾರದಲ್ಲಿ ಸಿಗಬೇಕು. ನಿನ್ನ ಹುಡುಗಿಯರು ಮೊದಲ ಭೇಟಿಯಲ್ಲೇ ಬ್ಯಾಂಕ್ ಪಾಸ್‌ಬುಕ್, ಆಧಾರ್ ಸರಿ ಇದೆಯಾ ಅಂತ ನೋಡಲಿ. ಹೆಸರಿನ ಒಂದು ಅಕ್ಷರ ತಪ್ಪಾಗಿ ತಿಂಗಳುಗಟ್ಟಲೆ ನಿಂತ ಅರ್ಜಿಗಳಿವೆ. ಮತ್ತೆ, ದುಡ್ಡು ಬಂದ ಸುದ್ದಿ ಹೊರಗೆ ಹೋಗದಂತೆ ನೋಡಿಕೊಳ್ಳಬೇಕು. "ಕಾಸಿಗೋಸ್ಕರ ಕೇಸು ಹಾಕಿದ್ರು" ಅನ್ನೋ ಬಾಯಿಗಳಿಗೆ ಬರ ಇಲ್ಲ.

ದೊಡ್ಡವರು ಸಾಕ್ಷಿಗಳಾಗಿದ್ದು ಅವರಿಗೆ ಬೆದರಿಕೆ ಬಂದರೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ. ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿ ಜಾರಿಗೆ ತಂದದ್ದು. ಆತ ಸ್ವಘೋಷಿತ ದೇವಮಾನವ ಆಸಾರಾಂ ಕೇಸುಗಳ ಸಾಕ್ಷಿ, ಗುಂಡೇಟು ತಿಂದವರು. ಜಿಲ್ಲಾ ನ್ಯಾಯಾಧೀಶರ ಸಮಿತಿಗೆ ಅರ್ಜಿ ಕೊಡಬೇಕು, ಪೊಲೀಸರು ಬೆದರಿಕೆ ಎಷ್ಟಿದೆ ಅಂತ ವರದಿ ಕೊಡುತ್ತಾರೆ. ಅರ್ಜಿಯ ನಮೂನೆ ಒಂದಷ್ಟು ಪ್ರತಿ ಯಾವಾಗಲೂ ಟೇಬಲ್ಲಿನಲ್ಲಿರಲಿ. ಬೆದರಿಕೆ ಬರುವುದು ಶನಿವಾರ ರಾತ್ರಿಯೇ.

ಕೊನೆಗೆ ನಿನ್ನ ಹುಡುಗಿಯರು. ದಿನವಿಡೀ ಇಂಥದ್ದೇ ಕೇಳಿ ಕೇಳಿ ಅವರಿಗೂ ನಿದ್ದೆ ಹೋಗುತ್ತೆ. ಬಾಯಿಬಿಟ್ಟು ಹೇಳಲ್ಲ. ವರದಿ ತಡವಾಗುತ್ತೆ, ಫೋನ್ ಎತ್ತಲ್ಲ, ಸಣ್ಣದಕ್ಕೆ ರೇಗುತ್ತಾರೆ. ಆಗ ನೋಟಿಸ್ ಕೊಡಬೇಡ, ಕೂರಿಸಿಕೊಂಡು ಮಾತಾಡು. ತನ್ನ ಮಗಳ ವಯಸ್ಸಿನದೇ ಮಗುವಿನ ಕೇಸು ಬಂದಿದ್ದರೆ, ಆಕೆ ಬೇಡ ಅಂದರೆ ಬೇರೆಯವರಿಗೆ ಕೊಡು. ಬೆಂಬಲ ವ್ಯಕ್ತಿ ಕೊಡುವುದು ಸರ್ಕಾರದ ಜವಾಬ್ದಾರಿ, ಬೇಕಿದ್ದರೆ ಮಾಡುವ ಕೆಲಸವಲ್ಲ ಅಂತ ಸುಪ್ರೀಂ ಕೋರ್ಟು 2023ರ ಆಗಸ್ಟ್‌ನಲ್ಲಿ ಖಡಾಖಂಡಿತವಾಗಿ ಹೇಳಿದೆ. ಅವರ ಸಂಬಳದ ಕಡತ ಹಿಡಿದು ಕಚೇರಿ ಕಚೇರಿ ಅಲೆಯುವುದೂ ನಿನ್ನ ಮೇಲ್ವಿಚಾರಣೆಯೊಳಗೇ ಬರುತ್ತೆ. ನಾಚಿಕೆ ಪಡಬೇಡ, ಜಗಳವಾಡು.

ಅಂದಹಾಗೆ, ಮಗುವಿನ ಜೊತೆ ಬರುವ ಅಪ್ಪಂದಿರ ಬಸ್ ಚಾರ್ಜು ನಿಮ್ಮ ಜಿಲ್ಲೆಯಲ್ಲಿ ಯಾವ ಲೆಕ್ಕದಿಂದ ಕೊಡುತ್ತಾರೆ ಅಂತ ವಿಚಾರಿಸಿ ಬರೆ. ಇಲ್ಲಿ ಅದಿನ್ನೂ ಬಗೆಹರಿದಿಲ್ಲ.

ನಿನ್ನ ಹಳೇ ರೂಮ್‌ಮೇಟ್