ಪಾಲಿಗೆ ಮೊದಲು ಬೆಲೆ ಕಟ್ಟಿಸು

ಪ್ರೀತಿಯ ಪುಟ್ಟಿ,

ಗಂಡನಿಂದ ಬೇರೆಯಾಗುವಾಗ ಮನೆ ನಿನಗೆ, ವ್ಯವಹಾರ ಅವನಿಗೆ ಅಂತ ಬಾಯಿಮಾತಿನಲ್ಲಿ ಮುಗಿದಿದೆ ಎಂದು ಬರೆದಿದ್ದೀಯ. ತಲೆ ಆಡಿಸಿದ್ದರೂ ಪರವಾಗಿಲ್ಲ, ಸಹಿ ಮಾತ್ರ ಹಾಕಬೇಡ. ಎರಡಕ್ಕೂ ಬೆಲೆ ಕಟ್ಟದೆ ಹಂಚಿಕೊಂಡರೆ ಯಾರಿಗೆ ಎಷ್ಟು ಹೋಯಿತೆಂಬುದೇ ತಿಳಿಯುವುದಿಲ್ಲ.

ಯಾವ ದಿನದ ಬೆಲೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಬೇರೆಯಾದ ದಿನವೋ ಒಪ್ಪಂದದ ದಿನವೋ, ನಿಮ್ಮಲ್ಲಿನ ಕಾನೂನು ಏನೆನ್ನುತ್ತದೆಂದು ವಕೀಲರು ಹೇಳುತ್ತಾರೆ. ಮನೆಗೆ ಇವತ್ತಿನ ಬೆಲೆ, ವ್ಯವಹಾರಕ್ಕೆ ಎರಡು ವರ್ಷದ ಹಿಂದಿನ ಬೆಲೆ ಹಿಡಿದರೆ ಯಾರಾದರೊಬ್ಬರು ಸೋಲುತ್ತೀರಿ.

ಮನೆಯದು ಅಷ್ಟು ತಲೆನೋವಲ್ಲ. ಮಾರಿದರೆ ಬರುವ ದುಡ್ಡಿನಲ್ಲಿ ಉಳಿದ ಸಾಲ, ಮಾರಾಟದ ಖರ್ಚು, ಬೀಳಬಹುದಾದ ತೆರಿಗೆ ಕಳೆ. ಉಳಿದದ್ದು ಮನೆಯ ನಿಜವಾದ ಮೌಲ್ಯ. ಕಂತು ನಿನ್ನೊಬ್ಬಳ ದುಡಿಮೆಯಲ್ಲಿ ಏಗುತ್ತದೆಯೇ ಎಂಬುದನ್ನೂ ನೋಡಿಕೋ.

ಎಡವುವುದು ವ್ಯವಹಾರದ ಲೆಕ್ಕದಲ್ಲಿ. ಬಡ್ಡಿ ಕಳೆಯುವ ಮೊದಲು ವರ್ಷಕ್ಕೆ 24 ಲಕ್ಷ ಲಾಭ ತೋರಿಸಿದೆ ಅಂತಿಟ್ಟುಕೋ. ವ್ಯವಹಾರದ ಬೆಲೆಯನ್ನು ವರ್ಷದ ಲಾಭದ ಇಷ್ಟು ಪಟ್ಟು ಎಂದು ಕಟ್ಟುವುದುಂಟು. ಹಾಗೆಂದು ನೇರವಾಗಿ ಮೂರು ಪಟ್ಟು ಹಿಡಿದು 72 ಲಕ್ಷ ಎಂದುಬಿಡಬೇಡ. ಅವನು ಸಂಬಳವಿಲ್ಲದೆ ದುಡಿಯುತ್ತಿದ್ದಾನೆ. ಅದೇ ಕೆಲಸಕ್ಕೆ ಹೊರಗಿನವರನ್ನಿಟ್ಟರೆ 14 ಲಕ್ಷ ಕೊಡಬೇಕು, ಅದನ್ನು ಕಳೆ. ಮನೆಯ ಕಾರು, ಪ್ರವಾಸ, ಫೋನ್ ಬಿಲ್ ಎಂದು 4 ಲಕ್ಷ ವ್ಯವಹಾರದ ಖರ್ಚಿಗೆ ಬರೆದಿದ್ದರೆ ಅದನ್ನು ಕೂಡಿಸು. ಈಗ ಲಾಭ 14 ಲಕ್ಷ, ಮೂರು ಪಟ್ಟಿಗೆ 42 ಲಕ್ಷ. ವ್ಯವಹಾರದ ಸಾಲ 12 ಲಕ್ಷ ಕಳೆದರೆ 30. ನಿನ್ನ ಅರ್ಧಪಾಲು 15 ಲಕ್ಷ. ಮೂರು ಪಟ್ಟು ಅನ್ನುವುದು ಬರೀ ಉದಾಹರಣೆ. ಒಬ್ಬನೇ ದೊಡ್ಡ ಗಿರಾಕಿಯನ್ನು ನೆಚ್ಚಿಕೊಂಡ ವ್ಯವಹಾರಕ್ಕೆ ಅಷ್ಟೂ ಸಿಗಲಿಕ್ಕಿಲ್ಲ. ಅದನ್ನು ನಿಮ್ಮಿಬ್ಬರ ಆಡಿಟರ್ ನಿರ್ಧರಿಸುವುದು ಬೇಡ, ಇಬ್ಬರಿಗೂ ಸೇರದ ಮೂರನೆಯವರಿಂದ ಬೆಲೆ ಕಟ್ಟಿಸಿ.

ಐದು ವರ್ಷದ ಲೆಕ್ಕಪತ್ರ, ತೆರಿಗೆ ವಿವರ, ಬ್ಯಾಂಕ್ ಸ್ಟೇಟ್‌ಮೆಂಟ್, ದಾಸ್ತಾನು ಪುಸ್ತಕ, ಬರಬೇಕಾದ ಬಾಕಿಯ ಪಟ್ಟಿ ಕೇಳು. ಮಾತುಕತೆ ಶುರುವಾದ ವರ್ಷವೇ ವಹಿವಾಟು ಇದ್ದಕ್ಕಿದ್ದಂತೆ ಕುಸಿದಿದ್ದರೆ ಡೆಲಿವರಿ ಚೀಟಿಗಳನ್ನು ಬಿಲ್ಲುಗಳ ಪಕ್ಕದಲ್ಲಿಟ್ಟು ನೋಡು. ಸರಕು ಹೋಗಿದೆ, ಬಿಲ್ ಆಗಿಲ್ಲ ಎಂದಾದರೆ ಆದಾಯವನ್ನು ಮುಂದಕ್ಕೆ ತಳ್ಳಿರುವ ಸಾಧ್ಯತೆ ಉಂಟು. ತಡವಾಗಿ ಬಿಲ್ ಮಾಡುವುದೇ ಅವರ ರೂಢಿಯೂ ಇರಬಹುದು. ಆರೋಪ ಹೊರಿಸುವ ಮೊದಲು ಹಿಂದಿನ ವರ್ಷದ ಚೀಟಿಗಳನ್ನೂ ತೆಗೆಸು.

ಇನ್ನು ಜಾಮೀನು. ನನ್ನ ಮಟ್ಟಿಗೆ ಬೆಲೆಗಿಂತ ದೊಡ್ಡ ವಿಷಯ ಇದು. ಸಾಲವನ್ನೆಲ್ಲ ಅವನೇ ತೀರಿಸುತ್ತಾನೆಂದು ನೀವಿಬ್ಬರೂ ಬರೆದುಕೊಂಡ ಕಾಗದ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ನೀನು ಜಾಮೀನಿಗೆ ಸಹಿ ಹಾಕಿದ್ದರೆ, ಅವನು ಕಂತು ತಪ್ಪಿಸಿದ ದಿನ ಅವರು ನಿನ್ನ ಬಾಗಿಲಿಗೇ ಬರಬಹುದು. ನಿನ್ನನ್ನು ಬಿಡುಗಡೆ ಮಾಡಿದೆವೆಂದು ಬ್ಯಾಂಕಿನಿಂದಲೇ ಲಿಖಿತ ಪತ್ರ ಬರಬೇಕು. ಒಪ್ಪದಿದ್ದರೆ ಅವನು ತನ್ನ ಹೆಸರಿನಲ್ಲಷ್ಟೇ ಹೊಸ ಸಾಲ ಎತ್ತಿ ಹಳೆಯದನ್ನು ತೀರಿಸಲಿ. ಜಂಟಿ ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಬಹುದಾದ ಸಾಲ, ಇದ್ದರೆ ಹೊಸದಾಗಿ ಹಣ ತೆಗೆಯುವುದನ್ನು ಈ ವಾರವೇ ನಿಲ್ಲಿಸಲು ಬ್ಯಾಂಕಿಗೆ ಬರೆದುಕೊಡು.

ಮನೆಯಲ್ಲಿನ ಅವನ ಪಾಲನ್ನು ಈ 15 ಲಕ್ಷದಿಂದ ಕಳೆದು, ಆಮೇಲೂ ನಿನಗೆ ಬರಬೇಕಾದದ್ದನ್ನು ಅವನು ಒಂದೇ ಸಲ ಕೊಡಲಾರ, ಕೊಟ್ಟರೆ ಅಂಗಡಿಯೇ ಮುಚ್ಚಬೇಕಾದೀತು, ಆಗ ನಿನಗೂ ಏನೂ ಇಲ್ಲ. ಮೂರು ವರ್ಷದ ಕಂತು ಕೇಳಿದರೆ ಒಪ್ಪು, ಬಡ್ಡಿ ಸೇರಿಸಿ. ಒಂದು ಕಂತು ಇಷ್ಟು ದಿನ ತಡವಾದರೆ ಉಳಿದದ್ದೆಲ್ಲ ಒಟ್ಟಿಗೆ ಕೊಡಬೇಕೆಂಬ ಷರತ್ತು ಹಾಕಿಸು. ಅಷ್ಟೂ ಹಣಕ್ಕೆ ಒಂದು ಆಸ್ತಿ ಅಡವಿರಲಿ. ಪಾಲು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿದರೂ ಅದು ಕೊನೆಯ ಕಂತು ಬರುವವರೆಗೆ ಮಧ್ಯಸ್ಥರ ಕೈಯಲ್ಲಿರಲಿ. ಇದ್ಯಾವುದೂ ಇಲ್ಲದೆ ಮೊದಲೇ ಕೊಟ್ಟುಬಿಟ್ಟೆಯೋ, ಅಡವಿಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ ನೀನೂ ಒಬ್ಬಳು.

ಕರಡು ಕೈಗೆ ಬಂದಾಗ ಸಾಲಗಳ ಪಟ್ಟಿಯಿರುವ ಪುಟದ ಸಮೇತ ನನಗೆ ಕಳಿಸು.

ನಿನ್ನ
ದೊಡ್ಡಮ್ಮ