ಸೌಹಾರ್ದ ವಾಲಿಬಾಲ್‌ ಪಂದ್ಯಕ್ಕೂ ಒಪ್ಪಂದದ ಹಾಳೆ ಬೇಕು

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಎರಡು ತಂಡಗಳು ಸೇರಿ ಸೌಹಾರ್ದ ವಾಲಿಬಾಲ್ ಪಂದ್ಯ ಇಟ್ಟುಕೊಳ್ಳುವುದು ಸಾಮಾನ್ಯ. ದಿನ, ಹೊತ್ತು, ಬಹುಮಾನ ಎಲ್ಲವೂ ಗೊತ್ತಾಗಿರುತ್ತದೆ. ನಿಯಮದ ಮಾತನ್ನು ಮಾತ್ರ ಯಾರೂ ಎತ್ತಿರುವುದಿಲ್ಲ. ಅಂಕ 22–22 ಆದಾಗ ಸರ್ವ್ ಮಾಡಿದ ಚೆಂಡು ನೆಟ್ಟಿನ ಅಂಚು ಸವರಿ ಆಚೆ ಬೀಳುತ್ತದೆ. ಒಬ್ಬರು ‘ಪಾಯಿಂಟ್’ ಎನ್ನುತ್ತಾರೆ, ಇನ್ನೊಬ್ಬರು ‘ಸರ್ವ್ ತಪ್ಪು’ ಎನ್ನುತ್ತಾರೆ. ಇಬ್ಬರೂ ತಾವು ಆಟ ಕಲಿತ ಕಾಲದ ನಿಯಮವನ್ನೇ ಹೇಳುತ್ತಿರುತ್ತಾರೆ. ಹಿಂದೆ ಹಾಗೆ ನೆಟ್ ಮುಟ್ಟಿದ ಸರ್ವ್ ತಪ್ಪೇ ಆಗಿತ್ತು. 2000ದ ಸುಮಾರಿಗೆ ಅಂತರರಾಷ್ಟ್ರೀಯ ನಿಯಮ ಬದಲಾಯಿತು. ಈಗ ಚೆಂಡು ನೆಟ್ ಮುಟ್ಟಿ ದಾಟಿದರೆ ಆಟ ಮುಂದುವರಿಯುತ್ತದೆ. ಅಂಕದ ಲೆಕ್ಕವೂ ಅಷ್ಟೇ. ಸರ್ವ್ ಮಾಡಿದ ತಂಡಕ್ಕೆ ಮಾತ್ರ ಅಂಕ ಎನ್ನುವ 15ರ ಆಟ ಹೋಗಿ, ಸರ್ವ್ ಮಾಡಿದಲ್ಲಿಂದ ಚೆಂಡು ನಿಲ್ಲುವವರೆಗಿನ ಪ್ರತಿ ರ‍್ಯಾಲಿಗೂ ಅಂಕ ಸಿಗುವ 25ರ ಆಟ ಬಂದಿದೆ. ಹಳಬರು, ಹೊಸಬರು ಒಂದೇ ಅಂಕಣಕ್ಕೆ ಇಳಿದಾಗ ಇಂಥವು ಮೊದಲೇ ಇತ್ಯರ್ಥವಾಗಿರಬೇಕು.

ಸೌಹಾರ್ದ ಪಂದ್ಯದಲ್ಲಿ ನಿಯಮ ಸಡಿಲಿಸಲು ಯಾವ ಅಡ್ಡಿಯೂ ಇಲ್ಲ. ಯಾವುದನ್ನು ಸಡಿಲಿಸಿದ್ದೇವೆ ಎನ್ನುವುದು ಟಾಸಿಗೆ ಮೊದಲು ಎರಡೂ ತಂಡಗಳಿಗೆ ತಿಳಿದಿರಬೇಕು, ಅಷ್ಟೇ. ಹತ್ತು ನಿಮಿಷ, ಒಂದು ಹಾಳೆ ಸಾಕು. ಅಂಥ ಹಾಳೆಯ ಮಾದರಿಯೊಂದನ್ನು ನಿಮ್ಮ ಕ್ರೀಡಾ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇವೆ. ಅದರಲ್ಲಿ ಏನೇನಿರಬೇಕು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಮೊದಲನೆಯದು ಸಮಯ. 25 ಅಂಕದ ಒಂದು ಸೆಟ್ಟಿಗೆ ಸಾಮಾನ್ಯವಾಗಿ 20ರಿಂದ 25 ನಿಮಿಷ ಹಿಡಿಯುತ್ತದೆ. ಸಂಜೆ ಎರಡು ಗಂಟೆಯ ಬೆಳಕಿದ್ದಾಗ ಐದು ಸೆಟ್ಟಿನ ಪಂದ್ಯ ಇಟ್ಟರೆ ಕೊನೆಯ ಸೆಟ್ ಕತ್ತಲಲ್ಲಿ ಆಡಬೇಕಾಗುತ್ತದೆ. ಮೂರು ಸೆಟ್ ಇಟ್ಟು, ಮೂರನೆಯದನ್ನು 15 ಅಂಕಕ್ಕೆ ನಿಲ್ಲಿಸುವುದು ವಾಸಿ. ಎರಡು ಅಂಕದ ಮುನ್ನಡೆ ಬೇಕೋ ಬೇಡವೋ ಎಂಬುದನ್ನೂ ಬರೆದಿಡಿ. ಹೊತ್ತು ಕಡಿಮೆಯಿದ್ದರೆ ‘27ಕ್ಕೆ ಮೊದಲು ತಲುಪಿದವರು ಗೆದ್ದರು’ ಎಂದು ಮಿತಿ ಹಾಕಬಹುದು. ನಾಲ್ಕು ತಂಡಗಳಿದ್ದು ಎಲ್ಲರೂ ಎಲ್ಲರೊಡನೆ ಆಡುವುದಾದರೆ ಆರು ಪಂದ್ಯ. ಒಂದೇ ಅಂಕಣದಲ್ಲಿ ಒಂದೊಂದು ಸೆಟ್ಟಿನಂತೆ ಆಡಿದರೂ ಎರಡೂವರೆ ಗಂಟೆ ಬೇಕು. ಒಂದೇ ಸೆಟ್ಟಿನ ಪಂದ್ಯವಾದರೆ ಒಂದು ತಂಡ 13 ತಲುಪಿದಾಗ ಅಂಕಣ ಬದಲಿಸಿ. ಇಲ್ಲದಿದ್ದರೆ ಬಿಸಿಲಿಗೆ ಮುಖ ಮಾಡಿ ನಿಂತ ತಂಡ ಸೆಟ್ ಪೂರ್ತಿ ಕಣ್ಣು ಕಿರಿದು ಮಾಡಿಕೊಂಡೇ ಆಡಬೇಕಾಗುತ್ತದೆ.

ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಅಳತೆ ಗೆರೆಗಳ ಹೊರ ಅಂಚಿನಿಂದ. ಮೂಲೆಗಳು ಸರಿಯಿವೆಯೇ ಎಂದು ನೋಡಲು ಕರ್ಣ ಅಳೆಯಿರಿ: ಇಡೀ ಅಂಕಣಕ್ಕೆ 20.12 ಮೀಟರ್, ಅರ್ಧಕ್ಕೆ 12.73 ಮೀಟರ್. ಎರಡು ಕರ್ಣಗಳು ಸಮ ಬರದಿದ್ದರೆ ಅಂಕಣ ವಾರೆಯಾಗಿದೆ ಎಂದರ್ಥ. ನಡುಗೆರೆಯಿಂದ ಎರಡೂ ಕಡೆ 3 ಮೀಟರಿಗೆ ಅಟ್ಯಾಕ್ ಗೆರೆ ಎಳೆಯಿರಿ. ಇದನ್ನು ಮರೆಯುವವರೇ ಹೆಚ್ಚು. ಗೆರೆಗೆ ಹಗ್ಗ ಕಟ್ಟಿದರೆ ಕಾಲಿಗೆ ಸಿಕ್ಕಿ ಎಡವುತ್ತಾರೆ, ಆಡುತ್ತಾ ಗೆರೆಯೇ ಜರುಗುತ್ತದೆ. ಚಾಕ್ ಪುಡಿ ಒಳ್ಳೆಯದು. ಸುಟ್ಟ ಸುಣ್ಣ ಖಂಡಿತ ಬೇಡ. ಡೈವ್ ಹೊಡೆದವರ ಕಣ್ಣಿಗೆ ಹೋದರೆ ಕಣ್ಣು ಸುಡುತ್ತದೆ. ಪುಡಿಯ ಗೆರೆ ಒಂದು ಸೆಟ್ಟಿಗೇ ಮಾಸುವುದರಿಂದ ಪ್ರತಿ ಸೆಟ್ಟಿನ ನಡುವೆ ಮತ್ತೆ ಎಳೆಯಲು ಒಬ್ಬರನ್ನು ನೇಮಿಸಿ. ಗೆರೆ ಮುಟ್ಟಿದ ಚೆಂಡು ಒಳಗೆ.

ನೆಟ್ಟಿನ ಎತ್ತರ ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24. ಇದನ್ನು ಕಂಬದ ಹತ್ತಿರ ಅಳೆಯುವುದೇ ದೊಡ್ಡ ತಪ್ಪು. ಕಂಬದಲ್ಲಿ ಸರಿಯಿದ್ದರೂ ನಡುವೆ ನೆಟ್ ಜೋತುಬಿದ್ದಿರುತ್ತದೆ. ಅಳತೆ ಅಂಕಣದ ನಟ್ಟನಡುವೆ; ಪಕ್ಕದ ಗೆರೆಗಳ ಮೇಲೆ ಎರಡೂ ತುದಿ ಸಮನಾಗಿರಬೇಕು, ಆ ಎತ್ತರಕ್ಕಿಂತ 2 ಸೆಂಟಿಮೀಟರ್ ಮೇಲೆ ಹೋಗಬಾರದು. ಎತ್ತರದ ಗುರುತು ಹಾಕಿದ ಒಂದು ನೇರ ಕೋಲು ಇದ್ದರೆ ಪ್ರತಿ ಸೆಟ್ಟಿಗೆ ಮೊದಲು ಅರ್ಧ ನಿಮಿಷದಲ್ಲಿ ನೋಡಬಹುದು. ಮೊದಲು ಮೇಲಿನ ಹಗ್ಗ ಬಿಗಿ ಮಾಡಿ, ಆಮೇಲೆ ಕೆಳಗಿನದು, ಕೊನೆಗೆ ಪಕ್ಕದ ದಾರಗಳು. ಕಂಬ ನಿಲ್ಲಿಸಲು ಎಳೆಹಗ್ಗ ಕಟ್ಟದೆ ಗತಿಯಿಲ್ಲ ಎಂದಾದರೆ ಅದಕ್ಕೆ ಬಣ್ಣದ ಬಟ್ಟೆ ಸುತ್ತಿ; ಚೆಂಡನ್ನೇ ನೋಡುತ್ತಾ ಓಡುವವರಿಗೆ ಹಗ್ಗ ಕಾಣುವುದಿಲ್ಲ. ಪಕ್ಕದ ಗೆರೆಯ ನೇರಕ್ಕೆ ನೆಟ್ಟಿನಿಂದ 80 ಸೆಂಟಿಮೀಟರ್ ಮೇಲೆ ಚಾಚುವಂತೆ ಎರಡು ಹಗುರ ಕಡ್ಡಿ ಕಟ್ಟಿದರೆ ಆಂಟೆನಾ ಸಿದ್ಧ. ಅದಿಲ್ಲದಿದ್ದರೆ ಚೆಂಡು ಒಳಗಿಂದ ದಾಟಿತೋ ಹೊರಗಿಂದ ದಾಟಿತೋ ಎಂದು ಆಣೆ ಇಡುವುದೊಂದೇ ಉಳಿಯುತ್ತದೆ.

ಯಾರ ಚೆಂಡು ಎನ್ನುವುದೂ ಜಗಳದ ಮೂಲ. ಸುತ್ತಳತೆ 65ರಿಂದ 67 ಸೆಂಟಿಮೀಟರ್, ತೂಕ 260ರಿಂದ 280 ಗ್ರಾಂ, ಒಳಗಿನ ಗಾಳಿಯ ಒತ್ತಡ 4.26ರಿಂದ 4.61 ಪಿಎಸ್‌ಐ. ಕಲ್ಲಿನಂತೆ ಗಾಳಿ ತುಂಬಿದರೆ ಪಾಸ್ ಮಾಡಿದ ಚೆಂಡು ಮುಂಗೈಯಿಂದ ಸಿಡಿದು ಎಲ್ಲೋ ಹೋಗುತ್ತದೆ. ಎರಡೂ ತಂಡ ಅದೇ ಚೆಂಡಿನಲ್ಲಿ ಐದು ನಿಮಿಷ ವಾರ್ಮಪ್ ಮಾಡಿ ಒಪ್ಪಿಕೊಳ್ಳಲಿ.

ಇನ್ನು ಆಟದ ನಿಯಮ. ಬೇರೆ ಏನನ್ನಾದರೂ ಸಡಿಲಿಸಿ, ನಡುಗೆರೆಯನ್ನು ಮಾತ್ರ ಬಿಗಿ ಮಾಡಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಅಧಿಕೃತ ನಿಯಮದಲ್ಲಿ ಪಾದ ಪೂರ್ತಿ ಆಚೆ ಹೋದರೆ ಮಾತ್ರ ತಪ್ಪು. ಪಾದದ ಒಂದಿಷ್ಟಾದರೂ ಗೆರೆಯ ಮೇಲಿದ್ದರೆ ನಡೆಯುತ್ತದೆ. ಆದರೆ ನೆಟ್ಟಿನ ಬುಡದಲ್ಲಿ ಏನಾಗುತ್ತದೆ ನೋಡಿ. ಸ್ಮ್ಯಾಷ್ ಹೊಡೆಯುವವರು ಓಡಿಬಂದ ವೇಗದಲ್ಲೇ ಮುಂದಕ್ಕೆ ಹಾರಿರುತ್ತಾರೆ. ಅದನ್ನು ತಡೆಯಲು ಬ್ಲಾಕ್ ಮಾಡುವವರು ತುಸು ತಡವಾಗಿ ನೇರ ಮೇಲೆ ಹಾರಿ ಆಮೇಲೆ ಇಳಿಯುತ್ತಾರೆ. ಗೆರೆ ದಾಟಿ ಇಳಿದ ಸ್ಮ್ಯಾಷರ್ ಪಾದದ ಮೇಲೆ ಬ್ಲಾಕ್ ಮಾಡಿದವರ ಪಾದದ ಅಂಚು ಬಿತ್ತೆಂದರೆ ಪಾದ ಒಳಕ್ಕೆ ಮಗುಚಿ ಕಾಲು ಉಳುಕುತ್ತದೆ. ಅಭ್ಯಾಸ ತಪ್ಪಿದವರು ಹೆಚ್ಚಿರುವ ಪಂದ್ಯದಲ್ಲಿ ‘ಗೆರೆ ದಾಟಿದ ಬೆರಳೂ ತಪ್ಪು’ ಎಂದು ಬರೆಯಿರಿ. ಉಂಗುರ, ಕೈಗಡಿಯಾರ ತೆಗೆದಿಡುವುದನ್ನೂ ಹಾಗೆಯೇ ಕಡ್ಡಾಯ ಮಾಡಿ. ಉಂಗುರ ನೆಟ್ಟಿನ ಕಣ್ಣಿಗೆ ಸಿಕ್ಕರೆ ಬೆರಳಿಗೇ ಸಂಚಕಾರ.

ನೆಟ್ ಮುಟ್ಟುವ ವಿಷಯದಲ್ಲಿ ಚೆಂಡು ಆಡುವ ಪ್ರಯತ್ನದಲ್ಲಿದ್ದವರು ಆಂಟೆನಾಗಳ ನಡುವೆ ನೆಟ್ ಮುಟ್ಟಿದರೆ ತಪ್ಪು. ಎದುರಾಳಿಯ ಹೊಡೆತಕ್ಕೆ ನೆಟ್ ಬಂದು ಇವರಿಗೆ ತಾಗಿದರೆ ತಪ್ಪಲ್ಲ. ಬ್ಲಾಕಿನಲ್ಲಿ ತಾಗಿದ ಚೆಂಡು ಒಂದು ತಂಡಕ್ಕಿರುವ ಮೂರು ಟಚ್ಚಿನ ಲೆಕ್ಕಕ್ಕೆ ಬರುವುದಿಲ್ಲ. ಬ್ಲಾಕ್ ಮಾಡಿದವರೇ ಮುಂದಿನ ಟಚ್ ಕೂಡ ಆಡಬಹುದು. ಇದು ಗೊತ್ತಿಲ್ಲದೆ ‘ನಾಲ್ಕು ಟಚ್’ ಎಂದು ಕೂಗುವವರು ಎಲ್ಲ ಕಡೆ ಇದ್ದಾರೆ. ಸರ್ವನ್ನು ಬ್ಲಾಕ್ ಮಾಡುವಂತಿಲ್ಲ. ಹಿಂದಿನ ಸಾಲಿನವರು ಮೂರು ಮೀಟರಿನ ಅಟ್ಯಾಕ್ ಗೆರೆಯ ಒಳಗಿಂದ ಹಾರಿ, ನೆಟ್ಟಿಗಿಂತ ಮೇಲಿರುವ ಚೆಂಡನ್ನು ಎದುರಿಗೆ ಹೊಡೆಯುವಂತಿಲ್ಲ.

ಹೋಲ್ಡಿಂಗ್ (ಚೆಂಡು ಕೈಯಲ್ಲಿ ನಿಲ್ಲುವುದು), ಡಬಲ್ ಟಚ್ (ಒಬ್ಬರಿಗೇ ಎರಡು ಸಲ ತಾಗುವುದು) ವಿಷಯದಲ್ಲಿ ಸಡಿಲು ಬಿಡಬಹುದು. ಎದುರಿನಿಂದ ಬಂದ ಮೊದಲ ಚೆಂಡು ಒಂದೇ ಪ್ರಯತ್ನದಲ್ಲಿ ಕೈಗೆ, ಎದೆಗೆ ಎರಡು ಕಡೆ ತಾಗಿದರೆ ಅಧಿಕೃತ ನಿಯಮವೂ ಅದನ್ನು ಒಪ್ಪುತ್ತದೆ. ಸ್ಮ್ಯಾಷ್ ಹೊಡೆಯುವವರಿಗೆ ಲಿಫ್ಟರ್ ಚೆಂಡು ಎತ್ತಿಕೊಡುವಾಗ ಚೆಂಡು ಸ್ವಲ್ಪ ತಿರುಗಿದ್ದಕ್ಕೆಲ್ಲ ಸೀಟಿ ಊದುತ್ತಾ ಹೋದರೆ ಆಟವೇ ಕಟ್ಟುವುದಿಲ್ಲ. ಆದರೆ ಹಿಡಿದು ಎಸೆದರೆ ಬಿಡಬೇಡಿ. ಮರದ ಕೊಂಬೆ, ತಂತಿ, ಚಾವಣಿಗೆ ತಾಗಿದ ಚೆಂಡು ಔಟ್ ಎಂದು ಮೊದಲೇ ತೋರಿಸಿಡಿ. ಹಿಂದೆ ಜಾಗ ಸಾಲದಿದ್ದರೆ ಸರ್ವಿಗೆ ಒಂದು ಹೆಜ್ಜೆ ಒಳಗೆ ಬರಲು ಎರಡೂ ಕಡೆಯವರಿಗೆ ಅವಕಾಶ ಕೊಡಿ.

ಗಂಡಸರು, ಹೆಂಗಸರು ಕೂಡಿ ಆಡುವಾಗ ‘ಮೂರರಲ್ಲಿ ಒಂದು ಟಚ್ ಹೆಂಗಸರದ್ದಾಗಲೇಬೇಕು’ ಎಂಬ ಷರತ್ತು ಹಾಕುವುದುಂಟು. ಅದರಿಂದ ಲೆಕ್ಕ ಭರ್ತಿಗಾಗಿ ಚೆಂಡು ಮುಟ್ಟಿಸುವ ಆಟವಾಗುತ್ತದೆ. ಅದಕ್ಕಿಂತ ನೆಟ್ಟನ್ನು 2.24ಕ್ಕೆ ಇಳಿಸಿ, ಗಂಡಸರು ಅಟ್ಯಾಕ್ ಗೆರೆಯ ಹಿಂದಿನಿಂದ ಮಾತ್ರ ಹಾರಿ ಹೊಡೆಯಬೇಕು ಎಂದರೆ ಎಲ್ಲರಿಗೂ ನಿಜವಾದ ಆಟ ಸಿಗುತ್ತದೆ, ನೆಟ್ಟಿನ ಹತ್ತಿರ ಪೆಟ್ಟಾಗುವ ಭಯವೂ ಕಡಿಮೆ.

ಬದಲಿ ಆಟಗಾರರಿಗೆ ಅಧಿಕೃತವಾಗಿ ಸೆಟ್ಟಿಗೆ ಆರೇ ಅವಕಾಶ. ಎಂಟೊಂಬತ್ತು ಜನ ಬಂದಿದ್ದರೆ ಇದನ್ನು ಬಿಟ್ಟು, ಸರ್ವಿನ ಸರದಿ ಬಂದಾಗ ಹೊಸಬರು ಸರ್ವ್ ಮಾಡುವ ಒಂದನೇ ಸ್ಥಾನಕ್ಕೆ ಇಳಿಯುವಂತೆ ಮಾಡಿ. ಆ ಸ್ಥಾನದಲ್ಲಿದ್ದವರು ಹೊರಗೆ ಬಂದು ಸಾಲಿನ ಕೊನೆಯಲ್ಲಿ ಕಾಯಲಿ. ಹಿಂದಿನ ಸಾಲಿನಲ್ಲಿ ರಕ್ಷಣೆಗೆಂದೇ ಇಳಿಯುವ ಲಿಬೆರೊ ಆಟಗಾರ ಬೇಡ. ಸರ್ವಿನ ಕ್ರಮ ಹಾಳೆಯಲ್ಲಿರಲಿ. ತಪ್ಪಿದರೆ ಆ ಒಂದು ರ‍್ಯಾಲಿ ಎದುರಾಳಿಗೆ, ಹಿಂದಿನ ಅಂಕ ಕೆದಕುವುದು ಬೇಡ.

ತೀರ್ಪುಗಾರರಿಲ್ಲದೆ ‘ನಾವೇ ಹೇಳಿಕೊಳ್ಳೋಣ’ ಎನ್ನುವುದು ಹತ್ತು ಅಂಕದವರೆಗೆ ಚೆನ್ನಾಗಿರುತ್ತದೆ, ಆಮೇಲಲ್ಲ. ಮೂರು ತಂಡಗಳಿದ್ದರೆ ವಿರಾಮದಲ್ಲಿರುವ ತಂಡದಿಂದ ನಾಲ್ವರನ್ನು ತೆಗೆದುಕೊಳ್ಳಿ. ಒಬ್ಬರು ನೆಟ್ಟಿನ ಒಂದು ತುದಿಯಲ್ಲಿ ಎತ್ತರದ ಭದ್ರ ಪೀಠದ ಮೇಲಿರಲಿ. ಅವರ ಕಣ್ಣು ನೆಟ್ಟಿಗಿಂತ ಅರ್ಧ ಮೀಟರಿನಷ್ಟು ಮೇಲಿರಬೇಕು. ಬೆಂಚಿನ ಮೇಲೆ ಕುರ್ಚಿ ಇಡುವ ಸಾಹಸ ಬೇಡ. ಎದುರು ತುದಿಯ ಎರಡನೆಯವರು ನಡುಗೆರೆ ಮತ್ತು ನೆಟ್ಟಿನ ಬುಡ ಮಾತ್ರ ನೋಡಲಿ, ಚೆಂಡಿನ ಹಿಂದೆ ಕಣ್ಣು ಓಡಿಸುವುದು ಬೇಡ. ಇಬ್ಬರು ಎದುರುಬದುರು ಮೂಲೆಗಳಲ್ಲಿ ಬಾವುಟ ಹಿಡಿಯಲಿ: ಒಳಗಾದರೆ ಕೆಳಕ್ಕೆ, ಔಟಾದರೆ ಮೇಲಕ್ಕೆ. ಮಾತಾಡುವ ಹಕ್ಕು ನಾಯಕರಿಗೆ ಮಾತ್ರ. ಯಾರಿಗೂ ಕಾಣದ ಚೆಂಡಿಗೆ ಆ ರ‍್ಯಾಲಿಯನ್ನು ಮತ್ತೆ ಆಡಿಸಿ.

ಹಾಳೆಯ ಕೆಳಗೆ ಇಬ್ಬರು ನಾಯಕರೂ ಸಹಿ ಹಾಕಿ, ಅದನ್ನು ಅಂಕ ಬರೆಯುವವರ ಬಳಿ ಇಡಬೇಕು. ಅದರಲ್ಲಿ ಇಲ್ಲದ ಪ್ರಶ್ನೆ ಎದ್ದರೆ ತೀರ್ಪುಗಾರರ ಮಾತೇ ಅಂತಿಮ ಎಂಬ ಸಾಲು ಎಲ್ಲಕ್ಕಿಂತ ಮೇಲೆ ಇರಲಿ.

– ವಾಲಿಬಾಲ್ ಆಸಕ್ತರು